ಶೇಕಡಾ 38ಕ್ಕೆ ನಿಲ್ಲುವ ಫೈಲ್: ಯಕ್ಷಗಾನದ ವಿಡಿಯೊ ಟ್ಯಾಬ್‌ಗೆ ಹೋಗದ ಪ್ರಕರಣ

ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಯಕ್ಷಗಾನದ ತಿರುಗಾಟ ಮುಗಿಯುವ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ತಿಂಗಳುಗಳಲ್ಲಿ ಕರಾವಳಿಯ ಯಕ್ಷಗಾನ ತಂಡಗಳು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಕಾಲಮಿತಿ ಆಟ ಆಡುವುದು ಹಳೆಯ ರೂಢಿ. ಮುಲುಂಡ್‌ನ ಒಂದು ಕನ್ನಡ ಸಂಘ ಅಂಥದೊಂದು ಆಟವನ್ನು ಪೂರ್ತಿ ಚಿತ್ರೀಕರಿಸಿಕೊಂಡಿತ್ತು. ಭಾನುವಾರ ಮಕ್ಕಳಿಗೆ ಹೆಜ್ಜೆ ಕಲಿಸುವ ಗುರುಗಳ ಟ್ಯಾಬ್‌ಗೆ ಆ ವಿಡಿಯೊ ಹಾಕಿಕೊಡಬೇಕಿತ್ತು. ತರಗತಿ ನಡೆಯುವುದು ಶಾಲೆಯೊಂದರ ಕೋಣೆಯಲ್ಲಿ. ಅಲ್ಲಿ ವೈಫೈ ಇಲ್ಲ, ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೇ. ಹಾಗಾಗಿ ಫೈಲ್ ಟ್ಯಾಬ್‌ನೊಳಗೇ ಇರಬೇಕು. ಲ್ಯಾಪ್‌ಟಾಪಿನಿಂದ ಟ್ಯಾಬ್‌ಗೆ ಕಾಪಿ ಮಾಡಲು ಬೇರೆ ಬೇರೆ ದಾರಿ ಹಿಡಿದರೂ ಯಾವುದೂ ಕೊನೆ ಮುಟ್ಟಲಿಲ್ಲ. "ಟ್ಯಾಬ್ ಹಾಳಾಗಿದೆ, ಹೊಸದು ತೆಗೆದುಕೊಳ್ಳುವ" ಎಂದು ಕಾರ್ಯದರ್ಶಿಗಳು ಹೇಳುವ ಹಂತಕ್ಕೆ ಬಂದಾಗ ಈ ಪರಿಶೀಲನೆ ನಡೆಯಿತು. ಟ್ಯಾಬ್ ಹಾಳಾಗಿರಲಿಲ್ಲ. ಎರಡು ಬೇರೆ ಬೇರೆ ದೋಷಗಳು ಒಂದರ ಮೇಲೊಂದು ಕೂತಿದ್ದವು. ಒಂದನ್ನು ಸರಿಪಡಿಸಿದರೂ ಇನ್ನೊಂದು ಅಡ್ಡ ಬರುತ್ತಿದ್ದುದರಿಂದ, ಸರಿಪಡಿಸಿದ್ದೂ ವ್ಯರ್ಥವೆಂದೇ ಕಾಣುತ್ತಿತ್ತು.

ಸಾಮಾನು ಸರಂಜಾಮು

ಲ್ಯಾಪ್‌ಟಾಪ್ ವಿಂಡೋಸ್ 10ರದ್ದು. ಅದಕ್ಕೆ ನಾಲ್ಕು ಪೋರ್ಟಿನ ಯುಎಸ್‌ಬಿ ಹಬ್, ಹಬ್‌ನಲ್ಲಿ ಮೌಸ್ ಮತ್ತು ಒಂದು ಪೆನ್‌ಡ್ರೈವ್. ಟ್ಯಾಬ್ ಕಡಿಮೆ ಬೆಲೆಯ, ಹತ್ತು ಇಂಚಿನ, ಆಂಡ್ರಾಯ್ಡ್ 9 ಇರುವ ಮೈಕ್ರೊ ಯುಎಸ್‌ಬಿ ಯಂತ್ರ. ಒಳಗಿನ ಸಂಗ್ರಹ 32 ಜಿಬಿ, ಅದರಲ್ಲಿ ಖಾಲಿ ಉಳಿದದ್ದು ಸುಮಾರು 9 ಜಿಬಿ. ಜೊತೆಗೆ 128 ಜಿಬಿಯ ಮೈಕ್ರೊ ಎಸ್‌ಡಿ ಕಾರ್ಡ್, ಬಹುತೇಕ ಖಾಲಿ.

ವಿಡಿಯೊ 3 ಗಂಟೆ 35 ನಿಮಿಷದ್ದು. 1080ಪಿ, ಎಚ್.264, ಎಂಪಿ4 ಫೈಲ್. ಧ್ವನಿ ಸೇರಿ ಸರಾಸರಿ ಬಿಟ್‌ರೇಟ್ ಸೆಕೆಂಡಿಗೆ 7 ಮೆಗಾಬಿಟ್. ಅಂದರೆ 12,900 ಸೆಕೆಂಡು ಗುಣಿಸು 7, ಭಾಗಿಸು 8: ಸುಮಾರು 11.29 ಜಿಬಿ. ವಿಂಡೋಸ್ ಇದನ್ನೇ 10.5 ಜಿಬಿ ಎಂದು ತೋರಿಸುತ್ತದೆ. ಅದು 1,024ರ ಲೆಕ್ಕದಲ್ಲಿ ಎಣಿಸಿ ಹೆಸರು ಮಾತ್ರ ಜಿಬಿ ಎಂದೇ ಬರೆಯುತ್ತದೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕ್ಯಾಮೆರಾದಿಂದ ಇಳಿಸಿದಾಗ ಈ ವಿಡಿಯೊ ಒಂದೇ ಫೈಲ್ ಆಗಿರಲಿಲ್ಲ. ಕ್ಯಾಮೆರಾ ಪ್ರತಿ 4 ಜಿಬಿ ಆಸುಪಾಸಿಗೆ ತಾನಾಗಿಯೇ ಹೊಸ ಫೈಲ್ ಶುರು ಮಾಡಿತ್ತು. ಎಡಿಟಿಂಗ್ ಮಾಡಿದ ಹುಡುಗರು ತುಂಡುಗಳನ್ನೆಲ್ಲ ಜೋಡಿಸಿ ಒಂದೇ ಫೈಲ್ ತೆಗೆದಿದ್ದರು. ಕ್ಯಾಮೆರಾ ಯಾಕೆ ತುಂಡು ಮಾಡಿತ್ತು ಎಂಬ ಪ್ರಶ್ನೆಯಲ್ಲಿಯೇ ಈ ಪ್ರಕರಣದ ಅರ್ಧ ಉತ್ತರವಿತ್ತು.

ಯಾವ ದಾರಿ, ಎಲ್ಲಿ ನಿಂತಿತು

ಕಾಪಿ ಆಗುತ್ತಿಲ್ಲ ಎಂಬ ದೂರು ಕೇಳಿದ ಕೂಡಲೇ ಕೇಬಲ್ ಬದಲಿಸು, ಡ್ರೈವರ್ ಹಾಕು, ರೀಸ್ಟಾರ್ಟ್ ಮಾಡು ಎಂದು ಸಲಹೆ ಸುರಿಸುವುದು ಎಲ್ಲರ ಅಭ್ಯಾಸ. ಅದಕ್ಕಿಂತ ಮೊದಲು ಒಂದು ಹಾಳೆ ತೆಗೆದುಕೊಂಡು ಯಾವ ದಾರಿಯಲ್ಲಿ, ಯಾವ ಫೈಲ್, ಎಷ್ಟರ ಹತ್ತಿರ ನಿಂತಿತು ಎಂದು ಬರೆಯಬೇಕು. ನಿಂತ ಜಾಗವೇ ದೋಷದ ಗುರುತು. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅಲ್ಲೊಂದು ಮಿತಿ ಇದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಸಂಪರ್ಕ ಕಡಿಯುತ್ತಿದೆ. ಶುರುವಿನಲ್ಲೇ ನಿಂತರೆ ಅನುಮತಿ, ಜಾಗ ಅಥವಾ ನಿರಾಕರಣೆ. ಪೂರ್ತಿ ಹೋಗಿಯೂ ಪ್ಲೇ ಆಗದಿದ್ದರೆ ಕಾರ್ಡಿನ ಮೇಲೆ ಅನುಮಾನ.

ಸಂಘದವರನ್ನು ಕೇಳಿ ಬರೆದ ಹಾಳೆ ಹೀಗಿತ್ತು:

- ಕೇಬಲ್ ಮೂಲಕ, ದೊಡ್ಡ ವಿಡಿಯೊ, ಎಸ್‌ಡಿ ಕಾರ್ಡಿಗೆ: ಕಾಪಿ ಪಟ್ಟಿ ಕಾಣಿಸಿಕೊಂಡು ಶುರುವಿನಲ್ಲೇ ಬಿದ್ದುಹೋಗುತ್ತದೆ. ಸಾಧನ ಪ್ರತಿಕ್ರಿಯಿಸುತ್ತಿಲ್ಲ ಅಥವಾ ಸಂಪರ್ಕ ಕಡಿದಿದೆ ಎಂಬ ಸಂದೇಶ.
- ಕೇಬಲ್ ಮೂಲಕ, ದೊಡ್ಡ ವಿಡಿಯೊ, ಒಳಗಿನ ಸಂಗ್ರಹಕ್ಕೆ: ಜಾಗ ಸಾಲದು. ಇದು ನ್ಯಾಯವೇ, 9 ಜಿಬಿಗೆ 10.5 ಹಿಡಿಸುವುದಿಲ್ಲ.
- ಕೇಬಲ್ ಮೂಲಕ, 1.2 ಜಿಬಿಯ ಬೇರೊಂದು ವಿಡಿಯೊ, ಕಾರ್ಡಿಗೆ: ಒಮ್ಮೆ ಕಾಲು ಭಾಗ, ಒಮ್ಮೆ ಮುಕ್ಕಾಲು, ಒಮ್ಮೊಮ್ಮೆ ಪೂರ್ತಿ. ಸಂದೇಶ ಮಾತ್ರ ಮೊದಲಿನದೇ.
- ವೈಫೈಯಲ್ಲಿ ಎಫ್‌ಟಿಪಿ ಆ್ಯಪ್ (ಕೇಬಲ್ ಇಲ್ಲದೆ ನೆಟ್‌ವರ್ಕಿನಲ್ಲಿ ಫೈಲ್ ಕಳಿಸುವ ಆ್ಯಪ್) ಮೂಲಕ, ದೊಡ್ಡ ವಿಡಿಯೊ, ಕಾರ್ಡಿಗೆ: ಪ್ರತಿ ಸಲ ಶೇಕಡಾ 38ಕ್ಕೆ ನಿಲ್ಲುತ್ತದೆ. ಟ್ಯಾಬ್‌ನಲ್ಲಿ 4 ಜಿಬಿ ಹತ್ತಿರದ ಫೈಲ್ ಉಳಿಯುತ್ತದೆ, ಮುಟ್ಟಿದರೆ ಪ್ಲೇ ಆಗುವುದಿಲ್ಲ.

ಮೊದಲನೆಯ ಮತ್ತು ಮೂರನೆಯ ಸಾಲಿಗೆ ಒಂದೇ ಸಂದೇಶ ಬಂದದ್ದೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಸಂದೇಶ ಒಂದೇ ಆದರೂ ಕಾರಣ ಒಂದೇ ಅಲ್ಲ. ಚಿಕ್ಕ ಫೈಲ್ ಎಲ್ಲೆಂದರಲ್ಲಿ ನಿಲ್ಲುತ್ತಿದೆ, ದೊಡ್ಡದು ಕೇಬಲ್‌ನಲ್ಲಿ ಮೊದಲಿಗೇ, ವೈಫೈಯಲ್ಲಿ 38ಕ್ಕೇ ನಿಲ್ಲುತ್ತಿದೆ. ವೈಫೈ ದಾರಿಯಲ್ಲಿ ಕೇಬಲ್ಲೇ ಇಲ್ಲವಲ್ಲ! ಹಾಗಾದರೆ 38ಕ್ಕೆ ಕೇಬಲ್ ಹೊಣೆಯಲ್ಲ.

ಮೊದಲ ದೋಷ: ಹಬ್ ಮತ್ತು ಕೇಬಲ್

ದೊಡ್ಡ ಫೈಲನ್ನು ಬದಿಗಿಟ್ಟು 1.2 ಜಿಬಿಯ ಫೈಲ್ ಒಂದನ್ನೇ ಹಿಡಿದು ನೋಡಲಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಹಬ್ ಬಿಟ್ಟು ಲ್ಯಾಪ್‌ಟಾಪಿನ ಪೋರ್ಟಿಗೇ ನೇರ ಚುಚ್ಚಿದಾಗ ಕಡಿಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಹಳೆಯ ಎರಡು ಮೀಟರಿನ ತೆಳು ಕೇಬಲ್ ತೆಗೆದು ಒಂದು ಮೀಟರಿನ ಹೊಸ ಡೇಟಾ ಕೇಬಲ್ ಹಾಕಿದಾಗ ಕಾಪಿ ಸಲೀಸಾಗಿ ಕೊನೆ ಮುಟ್ಟಿತು, ಮತ್ತೆ ಮತ್ತೆ ಮಾಡಿದರೂ ಮುಟ್ಟಿತು.

ಇದಕ್ಕೆ ಕಾರಣ ವಿದ್ಯುತ್ತು. ಪ್ರತ್ಯೇಕ ಅಡಾಪ್ಟರ್ ಇಲ್ಲದ ಹಬ್ ತನಗೆ ಬೇಕಾದ ವಿದ್ಯುತ್ತನ್ನೂ ತನಗೆ ಚುಚ್ಚಿದ ಸಾಧನಗಳ ವಿದ್ಯುತ್ತನ್ನೂ ಲ್ಯಾಪ್‌ಟಾಪಿನ ಒಂದೇ ಪೋರ್ಟಿನಿಂದ ಎಳೆಯುತ್ತದೆ. ಯುಎಸ್‌ಬಿ 2.0ರಲ್ಲಿ ಒಂದು ಪೋರ್ಟಿನ ಮಿತಿ 500 ಮಿಲಿಆಂಪ್. ಅಂಥ ಹಬ್ ತನ್ನ ಒಂದೊಂದು ಪೋರ್ಟಿಗೆ ನಿಯಮದ ಪ್ರಕಾರ ಕೊಡಬೇಕಾದದ್ದು 100 ಮಾತ್ರ. ಟ್ಯಾಬ್ ಚುಚ್ಚಿದ ಕೂಡಲೇ ಚಾರ್ಜ್ ಎಳೆಯಲು ತೊಡಗುತ್ತದೆ. ತೆಳುವಾದ ಉದ್ದ ತಂತಿಯಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಕ್ಷಣಕಾಲ ಸಂಪರ್ಕ ಹೋಗಿ ಬಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಕಿವಿಗೆ ಕೇಳುತ್ತದೆ: ವಿಂಡೋಸ್‌ನ ಸಾಧನ ತೆಗೆದ ಸದ್ದು, ಬೆನ್ನಿಗೇ ಸಾಧನ ಹಾಕಿದ ಸದ್ದು. ಲ್ಯಾಪ್‌ಟಾಪಿನ ಧ್ವನಿ ಮುಚ್ಚಿಟ್ಟಿದ್ದರಿಂದ ಈ ಸುಳಿವು ಸಂಘದವರಿಗೆ ಸಿಕ್ಕಿರಲಿಲ್ಲ. ಕಾಪಿ ಪರೀಕ್ಷೆ ಮಾಡುವಾಗ ಧ್ವನಿ ತೆರೆದಿಡಿ.

ಚಾರ್ಜಿಗೆ ಮಾತ್ರ ಆಗುವ ಕೇಬಲ್ ಬೇರೆಯೇ ಜಾತಿ. ಅದರಲ್ಲಿ ಡೇಟಾದ ಎರಡು ತಂತಿಗಳೇ ಇರುವುದಿಲ್ಲ, ಆದ್ದರಿಂದ ಟ್ಯಾಬ್‌ನಲ್ಲಿ ಫೈಲ್ ವರ್ಗಾವಣೆಯ ಆಯ್ಕೆಯೇ ಬರುವುದಿಲ್ಲ. ಇಲ್ಲಿ ಆಯ್ಕೆ ಬರುತ್ತಿತ್ತು, ಕಾಪಿ ಶುರುವೂ ಆಗುತ್ತಿತ್ತು. ಹಾಗಾಗಿ ಕೇಬಲ್ ಸರಿಯಿದೆ ಎಂದೇ ಎಲ್ಲರೂ ನಂಬಿದ್ದರು. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಕೊಳ್ಳುವಾಗ ಬರೀ ಕೇಬಲ್ ಎನ್ನದೆ ಡೇಟಾ ಕೇಬಲ್ ಎಂದೇ ಕೇಳಿ, ಸಾಧ್ಯವಿದ್ದರೆ ಅಂಗಡಿಯಲ್ಲೇ ಚುಚ್ಚಿ ನೋಡಿ. ಉದ್ದ ಒಂದು ಮೀಟರು ಸಾಕು. ಮುಂಬಯಿಯ ಮಳೆಗಾಲದಲ್ಲಿ ಟ್ಯಾಬ್‌ನ ಪೋರ್ಟಿನೊಳಗೆ ನೂಲಿನ ಚೂರು, ಧೂಳು, ಹಸಿ ಸೇರಿ ಗಟ್ಟಿಯಾಗಿರುವುದೂ ಉಂಟು. ಟ್ಯಾಬ್ ಆಫ್ ಮಾಡಿ, ಒಣಗಿದ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಪಿನ್ನು ಸೂಜಿ ಬೇಡ.

ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ ಎಂಬ ಸಲಹೆ ಎಲ್ಲ ಕಡೆ ಮೊದಲಿಗೇ ಬರುತ್ತದೆ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಅದು ಸಿಗುತ್ತದೆ. ಇಲ್ಲಿಯೂ ಆಫ್ ಮಾಡಿ ನೋಡಲಾಯಿತು, ವ್ಯತ್ಯಾಸ ಆಗಲಿಲ್ಲ. ಅದು ಸುಮ್ಮನಿರುವ ಸಾಧನವನ್ನು ಮಲಗಿಸುವ ವ್ಯವಸ್ಥೆ. ಡೇಟಾ ಹರಿಯುತ್ತಿರುವಾಗ ನಡುವೆ ಕಡಿದರೆ ಮೊದಲು ಅನುಮಾನಿಸಬೇಕಾದದ್ದು ತಂತಿಯನ್ನು.

ಎರಡನೆಯ ದೋಷ: ಕಾರ್ಡಿನ ಫೈಲ್ ಸಿಸ್ಟಂ

ಹೊಸ ಕೇಬಲ್, ನೇರ ಪೋರ್ಟ್. ಈಗ ದೊಡ್ಡ ವಿಡಿಯೊ? ಮತ್ತೆ ಶುರುವಿನಲ್ಲೇ ಬಿತ್ತು. ಇಷ್ಟು ಹೊತ್ತಿಗೆ ಸಂಪರ್ಕದ ಮೇಲಿನ ಅನುಮಾನ ತೀರಿದ್ದರಿಂದ ಉಳಿದದ್ದು ಕಾರ್ಡ್ ಮಾತ್ರ.

ಲೆಕ್ಕ ಹಾಕಿ ನೋಡಿ. 11.29 ಜಿಬಿಯ ಶೇಕಡಾ 38 ಎಂದರೆ ಸುಮಾರು 4.29 ಜಿಬಿ. ಫ್ಯಾಟ್32 ಎಂಬ ಫೈಲ್ ಸಿಸ್ಟಂನಲ್ಲಿ, ಅಂದರೆ ಕಾರ್ಡಿನಲ್ಲಿ ಫೈಲುಗಳನ್ನು ಬರೆದಿಡುವ ಪದ್ಧತಿಯಲ್ಲಿ, ಒಂದು ಫೈಲ್ ಗರಿಷ್ಠ ಎಷ್ಟು ದೊಡ್ಡದಿರಬಹುದೋ ಅದು 4,29,49,67,295 ಬೈಟ್. ಫೈಲಿನ ಗಾತ್ರವನ್ನು ಬರೆದಿಡಲು ಅದು 32 ಬಿಟ್ ಮಾತ್ರ ಮೀಸಲಿಟ್ಟಿದೆ, ಅಷ್ಟು ಬಿಟ್‌ನಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ ಅದೇ. ಕಾರ್ಡ್ 128 ಜಿಬಿ ಇರಲಿ, 512 ಇರಲಿ, ಖಾಲಿ ಜಾಗ ಎಷ್ಟೇ ಇರಲಿ, ಒಂದು ಫೈಲ್ ಈ ಗೆರೆ ದಾಟುವಂತಿಲ್ಲ. ವಿಂಡೋಸ್ ತೋರಿಸುವ ಲೆಕ್ಕದಲ್ಲಿ ಇದೇ 4 ಜಿಬಿ. ಕ್ಯಾಮೆರಾ ತುಂಡು ಮಾಡುತ್ತಿದ್ದುದೂ ಇದೇ ಗೆರೆಯ ಭಯಕ್ಕೆ.

ಖಚಿತ ಮಾಡಿಕೊಳ್ಳಲು ಕಾರ್ಡನ್ನು ಟ್ಯಾಬ್‌ನಿಂದ ತೆಗೆದು ಕಾರ್ಡ್ ರೀಡರ್ ಮೂಲಕ ಲ್ಯಾಪ್‌ಟಾಪಿಗೆ ಹಾಕಲಾಯಿತು. ಪ್ರಾಪರ್ಟೀಸ್ ತೆರೆದರೆ ಫೈಲ್ ಸಿಸ್ಟಂ ಎದುರು ಫ್ಯಾಟ್32 ಎಂದಿತ್ತು. ಅದೇ ವಿಡಿಯೊವನ್ನು ಎಳೆದು ಹಾಕಿದಾಗ, ಈ ಜಾಗದ ಫೈಲ್ ಸಿಸ್ಟಂಗೆ ಫೈಲ್ ತೀರಾ ದೊಡ್ಡದು ಎಂದು ವಿಂಡೋಸ್ ಒಂದು ಬೈಟನ್ನೂ ಬರೆಯದೆ ನೇರವಾಗಿ ಹೇಳಿತು. ಕೇಬಲ್ ದಾರಿಯಲ್ಲಿ ಸಿಗದ ಉತ್ತರ ರೀಡರ್‌ನಲ್ಲಿ ಒಂದೇ ಸಾಲಿನಲ್ಲಿ ಸಿಕ್ಕಿತು. ಕಾರ್ಡ್ ತೆಗೆಯಬಹುದಾದ ಸಾಧನವಾದರೆ ಈ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲೇ ಮಾಡಿಬಿಡುವುದು ಒಳ್ಳೆಯದು, ಎರಡು ನಿಮಿಷದ ಕೆಲಸ.

ಕೇಬಲ್ ದಾರಿಯಲ್ಲಿ ಯಾಕೆ ಈ ಮಾತು ಬರಲಿಲ್ಲ? 2011ರ ಆಂಡ್ರಾಯ್ಡ್ 3.0 ಮತ್ತು 4.0ರ ಕಾಲದಿಂದ ಆಂಡ್ರಾಯ್ಡ್ ಸಾಧನಗಳು ಕಂಪ್ಯೂಟರಿನೊಂದಿಗೆ ಮಾತಾಡುವುದು ಎಂಟಿಪಿ ಎಂಬ ವಿಧಾನದಲ್ಲಿ. ಅದಕ್ಕೂ ಹಿಂದೆ ಫೋನ್ ತನ್ನ ಕಾರ್ಡನ್ನೇ ಪೆನ್‌ಡ್ರೈವ್‌ನಂತೆ ಕಂಪ್ಯೂಟರಿಗೆ ಬಿಟ್ಟುಕೊಡುತ್ತಿತ್ತು. ಎಂಟಿಪಿಯಲ್ಲಿ ಹಾಗಲ್ಲ, ಅದು ದಿನಸಿ ಅಂಗಡಿಯ ಕಟ್ಟೆಯಿದ್ದಂತೆ: ಕೇಳಿದ ಸಾಮಾನು ಒಳಗಿನಿಂದ ತಂದುಕೊಡುತ್ತಾರೆ, ಕೊಟ್ಟದ್ದನ್ನು ಒಳಗಿಡುತ್ತಾರೆ, ಉಗ್ರಾಣಕ್ಕೆ ಮಾತ್ರ ಬಿಡುವುದಿಲ್ಲ. ಕಾರ್ಡು ಫ್ಯಾಟ್32ವೋ ಇನ್ನೊಂದೋ ಎಂಬುದು ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಫೈಲ್ ತೀರಾ ದೊಡ್ಡದು ಎಂದು ಹೇಳಲು ಎಂಟಿಪಿಯಲ್ಲಿ ಪ್ರತ್ಯೇಕ ಸಂಕೇತವಿದೆ. ಆದರೆ ಇಲ್ಲಿ ಪರದೆಗೆ ಬಂದದ್ದು ಯಾವ ಸುಳಿವೂ ಇಲ್ಲದ ಸಾಮಾನ್ಯ ದೋಷಸಂದೇಶ. ಸಾಧನದಿಂದ ಸಾಧನಕ್ಕೆ ನಡವಳಿಕೆಯೂ ಬೇರೆ. ಕೆಲವು ಮೊದಲೇ ನಿರಾಕರಿಸುತ್ತವೆ, ಕೆಲವು 4 ಜಿಬಿವರೆಗೆ ಬರೆದು ಆಮೇಲೆ ಕೈಚೆಲ್ಲುತ್ತವೆ. ಎಫ್‌ಟಿಪಿ ಆ್ಯಪ್ ಮಾಡಿದ್ದು ಎರಡನೆಯದನ್ನು.

ಎಂಟಿಪಿಯ ಇನ್ನೊಂದು ಗುಣ: ನಡುವೆ ಕಡಿದರೆ ಅಲ್ಲಿಂದ ಮುಂದುವರಿಸುವ ಏರ್ಪಾಡು ವಿಂಡೋಸ್‌ನ ಸಾಮಾನ್ಯ ಕಾಪಿಯಲ್ಲಿ ಇಲ್ಲ. 10 ಜಿಬಿಯಲ್ಲಿ 9 ಹೋಗಿ ಕಡಿದರೂ ಮತ್ತೆ ಮೊದಲಿಂದ. ಅದಕ್ಕೇ ದೊಡ್ಡ ಫೈಲಿನಲ್ಲಿ ತಂತಿಯ ಸಣ್ಣ ದೋಷವೂ ದೊಡ್ಡದಾಗಿ ಕಾಣುವುದು. ಫೋಟೊಗಳನ್ನು ದಿನವೂ ಸಾಗಿಸುವ ಅದೇ ಕೇಬಲ್ ವಿಡಿಯೊಕ್ಕೆ ಕೈಕೊಡುತ್ತದೆ.

128 ಜಿಬಿ ಕಾರ್ಡು ಫ್ಯಾಟ್32 ಆದದ್ದು ಹೇಗೆ

32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳು ಕಾರ್ಖಾನೆಯಿಂದ ಬರುವುದು ಎಕ್ಸ್‌ಫ್ಯಾಟ್‌ನಲ್ಲಿ. ಅದರಲ್ಲಿ 4 ಜಿಬಿಯ ಗೆರೆ ಇಲ್ಲ. ವಿಂಡೋಸ್ 10ರ ಫಾರ್ಮ್ಯಾಟ್ ಕಿಟಕಿಯಂತೂ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನೇ ತೋರಿಸುವುದಿಲ್ಲ. ಹಾಗಾಗಿ ದೊಡ್ಡ ಕಾರ್ಡು ಫ್ಯಾಟ್32 ಆಗಿರಲು ಸಾಧ್ಯವೇ ಇಲ್ಲ ಎಂದು ಕಂಪ್ಯೂಟರ್ ಬಲ್ಲವರೂ ತಿಳಿದಿರುತ್ತಾರೆ. ಇಲ್ಲಿ ಫಾರ್ಮ್ಯಾಟ್ ಮಾಡಿದ್ದು ಟ್ಯಾಬ್.

ಹೊಸ ಕಾರ್ಡ್ ಹಾಕಿದಾಗ ಈ ಟ್ಯಾಬ್, ಕಾರ್ಡಿಗೆ ಬೆಂಬಲವಿಲ್ಲ, ಸೆಟಪ್ ಮಾಡಿ ಎಂದು ತೋರಿಸಿತ್ತು. ಯಾರೋ ಒತ್ತಿದರು, ಟ್ಯಾಬ್ ತನಗೆ ಬರುವ ಫೈಲ್ ಸಿಸ್ಟಂನಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿತು. ತನಗೆ ಎಕ್ಸ್‌ಫ್ಯಾಟ್ ಗೊತ್ತಿರುವ ಸಾಧನವಾದರೆ ಇಷ್ಟು ದೊಡ್ಡ ಕಾರ್ಡಿಗೆ ಅದನ್ನೇ ಹಾಕುತ್ತದೆ. ಗೊತ್ತಿಲ್ಲದ್ದು ಫ್ಯಾಟ್32 ಹಾಕುತ್ತದೆ. ಮೈಕ್ರೊಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಬಹಿರಂಗ ಮಾಡಿದ್ದು 2019ರ ಆಗಸ್ಟ್‌ನಲ್ಲಿ. ಲಿನಕ್ಸ್ ಕರ್ನಲ್‌ಗೆ ಅದು ಸೇರಿದ್ದು ಅದೇ ವರ್ಷ 5.4ನೇ ಆವೃತ್ತಿಯಲ್ಲಿ, ಸ್ಯಾಮ್‌ಸಂಗ್ ಬರೆದ ಉತ್ತಮ ಚಾಲಕ ಸೇರಿದ್ದು 2020ರ 5.7ರಲ್ಲಿ. ಅದಕ್ಕೆ ಮುಂಚಿನ ಸಾಧನಗಳಲ್ಲಿ ಎಕ್ಸ್‌ಫ್ಯಾಟ್ ಬೇಕೆಂದರೆ ತಯಾರಕರೇ ಪರವಾನಗಿ ಪಡೆದು ಹಾಕಬೇಕಿತ್ತು. ಕಡಿಮೆ ಬೆಲೆಯ ಯಂತ್ರಗಳಲ್ಲಿ ಹಲವರು ಹಾಕಲಿಲ್ಲ.

ಇದು ಪರಿಹಾರದ ದಾರಿಯನ್ನೂ ಕಟ್ಟಿಹಾಕಿತು. ಕಾರ್ಡನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿ ಎಂದು ಹೇಳುವುದು ಸುಲಭ, ಈ ಟ್ಯಾಬ್ ಅದನ್ನು ಓದುವುದೇ ಇಲ್ಲವಲ್ಲ.

ನಾಲ್ಕು ಜಿಬಿಯ ಫೈಲ್ ಪ್ಲೇ ಆಗದ್ದು ಯಾಕೆ

ಎಫ್‌ಟಿಪಿಯಲ್ಲಿ ಬಂದು ಉಳಿದ ಅರೆಬರೆ ಫೈಲಿನಲ್ಲಿ 80 ನಿಮಿಷದಷ್ಟು ಆಟ ಇದೆ, ಅಷ್ಟಾದರೂ ಕಾಣಬೇಕಲ್ಲ ಎಂಬುದು ಗುರುಗಳ ಪ್ರಶ್ನೆ. ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ, ಯಾವ ಧ್ವನಿ ಎಲ್ಲಿದೆ ಎಂಬ ಸೂಚಿಯೊಂದು ಇರುತ್ತದೆ. ಅದರ ಹೆಸರು ಮೂವ್ ಆ್ಯಟಮ್. ಎಡಿಟಿಂಗ್ ಸಾಫ್ಟ್‌ವೇರ್‌ಗಳು ಎಲ್ಲ ಬರೆದಾದ ಮೇಲೆ ಅದನ್ನು ಫೈಲಿನ ಕೊನೆಯಲ್ಲಿ ಇಡುವುದು ಸಾಮಾನ್ಯ. ಬಾಲ ಕತ್ತರಿಸಿಹೋದರೆ ಸೂಚಿಯೂ ಹೋಯಿತು. ಸೂಚಿಯಿಲ್ಲದೆ ಪ್ಲೇಯರ್‌ಗೆ ಒಳಗಿರುವುದು ಏನೆಂದೇ ತಿಳಿಯುವುದಿಲ್ಲ. ಇಂಥ ಫೈಲನ್ನು ರಿಪೇರಿ ಮಾಡಲು ಹೊತ್ತು ಕಳೆಯಬೇಡಿ, ಮೂಲ ಕೈಯಲ್ಲಿರುವಾಗ ಅಳಿಸಿ ಮತ್ತೆ ಕಳಿಸಿ. ಅಳಿಸುವುದು ಮುಖ್ಯ: ವೈಫೈ ಪ್ರಯತ್ನಗಳ ತುಂಡುಗಳು ಕಾರ್ಡಿನಲ್ಲಿ ಬೇರೆ ಬೇರೆ ಹೆಸರಲ್ಲಿ ಕೂತು ಜಾಗ ತಿನ್ನುತ್ತಿದ್ದವು.

ಯಾವ ಪರಿಹಾರ

ಕಾರ್ಡನ್ನು ಒಳಗಿನ ಸಂಗ್ರಹವಾಗಿ ಮಾಡಿಕೊಳ್ಳುವ ಸೌಲಭ್ಯ 2015ರ ಆಂಡ್ರಾಯ್ಡ್ 6.0ರಿಂದ ಇದೆ. ಹಾಗೆ ಮಾಡಿದರೆ ಕಾರ್ಡು ಲಿನಕ್ಸ್‌ನ ಫೈಲ್ ಸಿಸ್ಟಂಗೆ ಬದಲಾಗಿ 4 ಜಿಬಿಯ ಗೆರೆ ಮಾಯವಾಗುತ್ತದೆ. ಆದರೆ ಅದರ ಡೇಟಾ ಗೂಢಲಿಪಿಯಲ್ಲಿರುತ್ತದೆ, ಕೀಲಿ ಆ ಟ್ಯಾಬ್‌ನಲ್ಲೇ ಇರುತ್ತದೆ. ಟ್ಯಾಬ್ ಸತ್ತರೆ ಕಾರ್ಡಿನಲ್ಲಿರುವುದೂ ಹೋದಂತೆ. ಒಂದು ಕಾರ್ಡು ಕೈಯಿಂದ ಕೈಗೆ, ಟ್ಯಾಬ್‌ನಿಂದ ಲ್ಯಾಪ್‌ಟಾಪಿಗೆ ಓಡಾಡುವ ಸಂಘಕ್ಕೆ ಇದು ಸಲ್ಲ.

ವಿಡಿಯೊವನ್ನೇ ಕುಗ್ಗಿಸಿದರೆ? 4.29 ಜಿಬಿಯೊಳಗೆ 12,900 ಸೆಕೆಂಡು ಹಿಡಿಸಲು ಧ್ವನಿಯೂ ಸೇರಿ ಸೆಕೆಂಡಿಗೆ 2.66 ಮೆಗಾಬಿಟ್ ಮಾತ್ರ ಸಿಗುತ್ತದೆ. ಮಾತುಗಾರಿಕೆಯ ಭಾಗಕ್ಕೆ ಅಷ್ಟು ನಡೆದೀತು. ದಿಗಿಣದ, ಅಂದರೆ ಹಾರಿ ಸುತ್ತುವ ಕುಣಿತದ, ಹೊತ್ತಿಗೆ ಎಚ್.264ನಲ್ಲಿ 1080ಪಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಕಾಲು ಎಲ್ಲಿ ಬಿತ್ತು ಎಂಬುದೇ ಕಾಣುವುದಿಲ್ಲ. ಹೆಜ್ಜೆ ಕಲಿಯುವ ಮಕ್ಕಳಿಗಾಗಿ ಹಾಕುವ ವಿಡಿಯೊದಲ್ಲಿ ಹೆಜ್ಜೆಯನ್ನೇ ಬಲಿಕೊಡುವುದು ಸರಿಯಲ್ಲ.

ಸೆವೆನ್‌ಜಿಪ್ ಎಂಬ ಸಾಫ್ಟ್‌ವೇರ್‌ನಲ್ಲಿ ತುಂಡು ಮಾಡಿ ಟ್ಯಾಬ್‌ನಲ್ಲಿ ಜೋಡಿಸುವ ಸಲಹೆ ಸಂಘದ ಒಬ್ಬ ಯುವಕರದ್ದು. ಜೋಡಿಸಿದ ಕೂಡಲೇ ಅದು ಮತ್ತೆ 10.5 ಜಿಬಿಯ ಒಂದೇ ಫೈಲ್. ಅದೇ ಕಾರ್ಡಿನಲ್ಲಿ ಅದೇ ಗೆರೆ. ಒಳಗಿನ ಸಂಗ್ರಹದಲ್ಲಿ ಜೋಡಿಸಲು ಜಾಗವಿಲ್ಲ.

ಉಳಿದದ್ದು ವಿಡಿಯೊವನ್ನೇ ಮೂರು ಭಾಗ ಮಾಡುವುದು, ಒಂದೊಂದು ಭಾಗವೂ ತಾನೇ ಪ್ಲೇ ಆಗುವಂತೆ. ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಚಿತ್ರವನ್ನು ಹೊಸದಾಗಿ ಕುಗ್ಗಿಸಿ ಬರೆಯದೆ, ಕತ್ತರಿಸಿದರೆ ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ. ಪ್ರಸಂಗದ ನಡುವೆ ಎಲ್ಲಿ ಬೇಕಾದರೂ ಕೊಯ್ಯುವಂತಿಲ್ಲ ಎಂಬುದೊಂದೇ ಎಚ್ಚರ. ಗುರುಗಳನ್ನು ಕೂರಿಸಿಕೊಂಡು ಜಾಗ ಹುಡುಕಲಾಯಿತು: ಭಾಗವತರು ಪದ್ಯ ಮುಗಿಸಿ, ಚೆಂಡೆ ನಿಂತು, ರಂಗ ಖಾಲಿಯಾಗಿ ಮುಂದಿನ ವೇಷ ಬರುವ ಮುಂಚಿನ ಎರಡು ಉಸಿರಿನ ಬಿಡುವು. ಅಂಥ ಬಿಡುವು 1 ಗಂಟೆ 9 ನಿಮಿಷಕ್ಕೆ ಒಂದು, 2 ಗಂಟೆ 21 ನಿಮಿಷಕ್ಕೆ ಇನ್ನೊಂದು ಸಿಕ್ಕಿತು.

ಕತ್ತರಿಸಿ ಕಳಿಸಿದ ಕ್ರಮ

ಲಾಸ್‌ಲೆಸ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಸಾಕು. ಒಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಧನವೇ, ಆದರೆ ಆದೇಶಗಳನ್ನು ಟೈಪ್ ಮಾಡುವ ಗೋಜಿಲ್ಲ. ಫೈಲ್ ತೆರೆದು, ಗೆರೆಯನ್ನು ಬೇಕಾದ ಜಾಗಕ್ಕೆ ತಂದು ಭಾಗ ಮಾಡಿ, ಎಕ್ಸ್‌ಪೋರ್ಟ್ ಒತ್ತಬೇಕು. ಲ್ಯಾಪ್‌ಟಾಪಿನಲ್ಲಿ ಇನ್ನೂ 10.5 ಜಿಬಿ ಖಾಲಿ ಇರಲಿ. ಎನ್‌ಕೋಡ್ ಮಾಡದ ಕತ್ತರಿ ಕೀಫ್ರೇಮ್, ಅಂದರೆ ಪೂರ್ತಿಯಾಗಿ ಬರೆದಿಟ್ಟ ಚಿತ್ರ, ಇರುವ ಕಡೆ ಮಾತ್ರ ಬೀಳುತ್ತದೆ, ಆದ್ದರಿಂದ ಹೊಸ ಭಾಗದ ಆರಂಭ ನೀವು ಹೇಳಿದ್ದಕ್ಕಿಂತ ಒಂದೆರಡು ಸೆಕೆಂಡು ಹಿಂದೆ ಸರಿಯಬಹುದು. ಬಿಡುವು ನೋಡಿ ಕತ್ತರಿಸಿದ್ದರೆ ಇದು ಗಮನಕ್ಕೂ ಬರುವುದಿಲ್ಲ.

ಬಂದ ಭಾಗಗಳು 3.48, 3.76 ಮತ್ತು 4.05 ಜಿಬಿ. ವಿಂಡೋಸ್ ಲೆಕ್ಕದಲ್ಲಿ 3.24, 3.50, 3.77. ಮೂರನೆಯದು ಮೊದಲನೆಯದಕ್ಕಿಂತ ಐದೇ ನಿಮಿಷ ಉದ್ದ, ಗಾತ್ರದಲ್ಲಿ ಮಾತ್ರ ಅರ್ಧ ಜಿಬಿಗೂ ಹೆಚ್ಚು. ಕೊನೆಯ ಯುದ್ಧದ ಕುಣಿತಕ್ಕೆ ಬಿಟ್‌ರೇಟ್ ಏರುತ್ತದೆ. ಸಮಯ ಸರಿಯಾಗಿ ಮೂರು ಪಾಲು ಮಾಡಿದೆವು ಎಂದು ನೆಚ್ಚಿಕೊಳ್ಳದೆ, ಕತ್ತರಿಸಿದ ಮೇಲೆ ಪ್ರತಿ ಭಾಗದ ಗಾತ್ರ ನೋಡಿ. ವಿಂಡೋಸ್‌ನಲ್ಲಿ 3.9ರೊಳಗೆ ಇದ್ದರೆ ನೆಮ್ಮದಿ.

ಹೆಸರಿಗೆ ಮುಂದೆ 01, 02, 03 ಎಂದು ಹಾಕಲಾಯಿತು, ಪ್ಲೇಯರ್‌ನಲ್ಲಿ ಸಾಲಾಗಿ ಬರಲಿ ಎಂದು. ಆಮೇಲೆ ಟ್ಯಾಬ್‌ನ ಲಾಕ್ ತೆರೆದು, ಹೊಸ ಕೇಬಲ್‌ನಲ್ಲಿ ನೇರ ಪೋರ್ಟಿಗೆ ಚುಚ್ಚಿ, ಮೇಲಿನಿಂದ ಎಳೆದ ಸೂಚನೆಯಲ್ಲಿ ಫೈಲ್ ವರ್ಗಾವಣೆ ಆರಿಸಲಾಯಿತು. ಲಾಕ್ ಇದ್ದರೆ ವಿಂಡೋಸ್‌ನಲ್ಲಿ ಸಾಧನ ಖಾಲಿಯಾಗಿ ಕಾಣುತ್ತದೆ. ಕಾಪಿ ಮಾಡುವಾಗ, ಪರಿವರ್ತಿಸಿ ಕಾಪಿ ಮಾಡಲೇ ಎಂದು ವಿಂಡೋಸ್ ಕೇಳಿದರೆ ಬೇಡ, ಹಾಗೇ ಕಾಪಿ ಮಾಡು ಎಂಬುದನ್ನು ಒತ್ತಿ. ಒಂದು ಭಾಗ ಮುಗಿದ ಮೇಲೆ ಇನ್ನೊಂದು. ಎಂಟಿಪಿ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ, ನಡುವೆ ಟ್ಯಾಬ್‌ನ ಬೇರೆ ಫೋಲ್ಡರ್ ತೆರೆದು ನೋಡುವುದೂ ಬೇಡ. ಕಾರ್ಡಿಗೆ ಬರೆಯುವ ವೇಗ ಸೆಕೆಂಡಿಗೆ 17 ಎಂಬಿ ಆಸುಪಾಸು ಇದ್ದುದರಿಂದ ಮೂರೂ ಸೇರಿ 11 ನಿಮಿಷದಲ್ಲಿ ಮುಗಿಯಿತು. ಕ್ಲಾಸ್ 10 ಎಂಬ ಗುರುತು ಭರವಸೆ ಕೊಡುವುದು ಸೆಕೆಂಡಿಗೆ 10 ಎಂಬಿಗೆ ಮಾತ್ರ, ಆ ಲೆಕ್ಕದಲ್ಲಿ 19 ನಿಮಿಷ ಹಿಡಿದರೂ ಅದು ದೋಷವಲ್ಲ.

ಸರಿಯಾಗಿ ಬಂದಿದೆಯೇ

ಗಾತ್ರ ಹೊಂದಿದರೆ ಸಾಲದು. ಡೆವಲಪರ್ ಆಯ್ಕೆಗಳನ್ನು ತೆರೆದು, ಅಂದರೆ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿ, ಯುಎಸ್‌ಬಿ ಡೀಬಗಿಂಗ್ ಹಾಕಿ, ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್‌ನಲ್ಲಿರುವ ಎಡಿಬಿ (ಕಂಪ್ಯೂಟರಿನಿಂದ ಆಂಡ್ರಾಯ್ಡ್‌ಗೆ ಆದೇಶ ಕೊಡುವ ಸಾಧನ) ಮೂಲಕ ಟ್ಯಾಬ್‌ನೊಳಗಿನ ಪ್ರತಿ ಭಾಗದ ಎಂಡಿ5 ಮೊತ್ತ, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ತೆಗೆಯಲಾಯಿತು. ಲ್ಯಾಪ್‌ಟಾಪಿನಲ್ಲಿ ಸರ್ಟ್‌ಯುಟಿಲ್ ಎಂಬ ವಿಂಡೋಸ್‌ನದೇ ಸಾಧನದಿಂದ ಅದೇ ಮೊತ್ತ. ಎರಡೂ ಅಕ್ಷರಕ್ಷರ ಹೊಂದಿದವು. ಕೆಲಸವಾದ ಮೇಲೆ ಡೀಬಗಿಂಗ್ ಆಫ್ ಮಾಡಿ, ಗುರುಗಳ ಟ್ಯಾಬ್‌ನಲ್ಲಿ ಅದು ಸದಾ ತೆರೆದಿರಬೇಕಾದ ಬಾಗಿಲಲ್ಲ. ಇಷ್ಟೆಲ್ಲ ಬೇಡವೆನ್ನುವವರು ಪ್ರತಿ ಭಾಗದ ಕೊನೆಯ ಐದು ನಿಮಿಷ ಮತ್ತು ನಡುನಡುವೆ ಒಂದೆರಡು ಕಡೆ ಪ್ಲೇ ಮಾಡಿ ನೋಡಬಹುದು.

ಕಾರ್ಡು ಅಸಲಿಯೇ ಎಂಬುದನ್ನೂ ನೋಡಿಕೊಳ್ಳಲಾಯಿತು. ನಕಲಿ ಕಾರ್ಡು 128 ಎಂದು ಹೇಳಿಕೊಂಡು ಒಳಗೆ 16 ಇಟ್ಟುಕೊಂಡಿರುತ್ತದೆ. ಕಾಪಿ ಕೊನೆ ಮುಟ್ಟುತ್ತದೆ, ಫೈಲ್ ಮಾತ್ರ ಹಾಳಾಗಿರುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಹಳೆಯ ಉಚಿತ ಸಾಧನ ಖಾಲಿ ಜಾಗವನ್ನೆಲ್ಲ 1 ಜಿಬಿಯ ಫೈಲುಗಳಿಂದ ತುಂಬಿ ಮತ್ತೆ ಓದಿ ತಾಳೆ ನೋಡುತ್ತದೆ, ಫ್ಯಾಟ್32ರ ಗೆರೆಯೂ ಅದಕ್ಕೆ ಅಡ್ಡಿಯಲ್ಲ. ಬರೆಯುವುದಕ್ಕೇ ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ, ಖಾಲಿ ಕಾರ್ಡಿನ ಮೇಲೆ ರೀಡರ್‌ನಲ್ಲಿ ಮಾಡಿ. ವಿಂಡೋಸ್‌ನ ಎಫ್‌ಎಸ್‌ಯುಟಿಲ್‌ನಿಂದ ದೊಡ್ಡ ಖೊಟ್ಟಿ ಫೈಲ್ ಸೃಷ್ಟಿಸಿ ಕಾಪಿ ಮಾಡುವವರಿದ್ದಾರೆ. 4 ಜಿಬಿಯ ಗೆರೆ ಪರೀಕ್ಷಿಸಲು ಅದು ಸರಿ, ನಕಲಿ ಕಾರ್ಡು ಹಿಡಿಯಲು ಪ್ರಯೋಜನವಿಲ್ಲ: ಆ ಫೈಲ್ ತುಂಬ ಸೊನ್ನೆಗಳೇ, ಏನನ್ನೂ ಉಳಿಸಿಕೊಳ್ಳದ ಕಾರ್ಡೂ ಸೊನ್ನೆ ಹಿಂತಿರುಗಿಸಿ ಪಾಸಾಗಿಬಿಡಬಹುದು. ಸಂಘದ ಕಾರ್ಡು ಅಸಲಿಯೇ ಆಗಿತ್ತು.

ಸಾಧನ ಬೇರೆಯಾದರೆ

ಕಾರ್ಡಿನ ಕಿಂಡಿಯೇ ಇಲ್ಲದ ಫೋನಿನಲ್ಲಿ ಫೈಲ್ ಹೋಗುವುದು ಒಳಗಿನ ಸಂಗ್ರಹಕ್ಕೆ. ಅಲ್ಲಿರುವುದು ಎಕ್ಸ್‌ಟಿ4 ಅಥವಾ ಎಫ್2ಎಫ್‌ಎಸ್ ಎಂಬ ಫೈಲ್ ಸಿಸ್ಟಂ, 4 ಜಿಬಿಯ ಗೆರೆ ಇಲ್ಲ. ಅಲ್ಲೂ ಕಡಿಯುತ್ತಿದ್ದರೆ ತಂತಿ, ಪೋರ್ಟ್, ಖಾಲಿ ಜಾಗ ನೋಡಿ. ಎಂಟಿಪಿಯೇ ಮೊಂಡು ಹಿಡಿದರೆ ಎಡಿಬಿಯ ಪುಶ್ ಆದೇಶದಲ್ಲಿ ಕಳಿಸಬಹುದು, ಅದರ ದೋಷಸಂದೇಶಗಳು ನೇರ: ಫೈಲ್ ದೊಡ್ಡದಾದರೆ ದೊಡ್ಡದು ಎನ್ನುತ್ತದೆ, ಜಾಗವಿಲ್ಲದಿದ್ದರೆ ಜಾಗವಿಲ್ಲ ಎನ್ನುತ್ತದೆ. ಮ್ಯಾಕ್‌ನಲ್ಲಿ ಹಳೆಯ ಆಂಡ್ರಾಯ್ಡ್ ಫೈಲ್ ಟ್ರಾನ್ಸ್‌ಫರ್ ಇನ್ನೂ ಇಟ್ಟುಕೊಂಡವರಿಗೆ ಆ ಸಾಫ್ಟ್‌ವೇರ್‌ನದೇ 4 ಜಿಬಿ ಮಿತಿ ಎದುರಾಗುತ್ತದೆ, ಫೋನಿನದ್ದಲ್ಲ. ಬದಲಿಗೆ ಓಪನ್‌ಎಂಟಿಪಿ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಎಕ್ಸ್‌ಫ್ಯಾಟ್ ಬಲ್ಲ ಹೊಸ ಫೋನಿಗೆ ಹಳೆಯ ಟ್ಯಾಬ್‌ನ ಕಾರ್ಡು ಬಂದು ಸೇರಿದ್ದರೆ ಅದು ಫ್ಯಾಟ್32 ಆಗಿಯೇ ಉಳಿದಿರುತ್ತದೆ. ಒಳಗಿರುವುದನ್ನೆಲ್ಲ ಲ್ಯಾಪ್‌ಟಾಪಿಗೆ ತೆಗೆದಿಟ್ಟುಕೊಂಡು ಆ ಫೋನಿನಲ್ಲೇ ಫಾರ್ಮ್ಯಾಟ್ ಮಾಡಿ, ಆಮೇಲೆ ರೀಡರ್‌ನಲ್ಲಿ ಪ್ರಾಪರ್ಟೀಸ್ ತೆರೆದು ಎಕ್ಸ್‌ಫ್ಯಾಟ್ ಆಗಿದೆಯೇ ನೋಡಿ.

ಜೋಡಿಸಿದ 10.5 ಜಿಬಿಯ ಮೂಲ ಫೈಲ್ ಮತ್ತು ಕ್ಯಾಮೆರಾದ ತುಂಡುಗಳು ಸಂಘದ ಹಾರ್ಡ್ ಡಿಸ್ಕಿನಲ್ಲಿ, 4 ಜಿಬಿಯ ಗೆರೆ ಇಲ್ಲದ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಇವೆ. ಟ್ಯಾಬ್‌ನಲ್ಲಿರುವುದು ತರಗತಿಯ ಪ್ರತಿ ಮಾತ್ರ.